ರಕ್ತ ಕಮ್ಮಿ ಅಂದರೆ ಎಷ್ಟು ಕಮ್ಮಿ? ಯಾಕೆ ಕಮ್ಮಿ?

(ಗಾಜನೂರಿನಲ್ಲಿ ಕೂಲಿಕಾರ ಹೆಣ್ಣುಮಕ್ಕಳಿಗಾಗಿ ನಡೆದ ಆರೋಗ್ಯ ಶಿಬಿರದಲ್ಲಿ, ರಕ್ತ ಪರೀಕ್ಷೆಯ ಕೆಲಸ ಮಾಡುವ ಸಂಗಾತಿಯೊಬ್ಬರು ಆಡಿದ ಮಾತುಗಳ ಬರಹ ರೂಪ.)



ನಮ್ಮ ಸಭೆಗಳಲ್ಲಿ ರಕ್ತದ ಮಾತು ಬಹಳ ಬರುತ್ತೆ. ರಕ್ತ ಬಸಿದು ದುಡಿದೆವು ಅಂತೀವಿ, ನಮ್ಮ ರಕ್ತ ಹೀರಿದರು ಅಂತೀವಿ. ಅದು ಸುಳ್ಳೇನಲ್ಲ. ಇವತ್ತು ನಾನು ಮಾತಾಡೋದು ಬೆರಳ ತುದಿಗೆ ಸೂಜಿ ಚುಚ್ಚಿದರೆ ಬರುತ್ತಲ್ಲ, ಆ ರಕ್ತದ ಬಗ್ಗೆ. ಅದನ್ನ ಅಳೆದು ಚೀಟಿ ಬರೆಯೋದೇ ನನ್ನ ಕೆಲಸ.

ಗಾಜನೂರು ಅಂದರೆ ಹೊರಗಿನ ಜನ ರಾಜ್‌ಕುಮಾರರ ಊರಾ ಅಂತ ಕೇಳ್ತಾರೆ. ಅದು ತಾಳವಾಡಿ ಕಡೆಯ ದೊಡ್ಡ ಗಾಜನೂರು. ನಮ್ಮದು ತುಂಗೆಯ ಗಾಜನೂರು. ಇಲ್ಲಿ ಹೊಳೆಗೆ ಅಡ್ಡಕಟ್ಟೆ ಕಟ್ಟಿ ನೀರನ್ನು ಅಳೆದು ನಾಲೆಗೆ ಬಿಡ್ತಾರೆ. ಮಳೆಗಾಲದಲ್ಲಿ ಡ್ಯಾಮಿಗೆ ಎಷ್ಟು ನೀರು ಬಂತು, ಎಷ್ಟು ಹೊರಗೆ ಹೋಯ್ತು ಅಂತ ಪೇಪರಿನಲ್ಲಿ ಲೆಕ್ಕ ಬರುತ್ತೆ. ಆ ನಾಲೆ ಕೆಳಗಿನ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡೋ ಹೆಂಗಸಿನ ಮೈಯಲ್ಲಿ ಎಷ್ಟು ರಕ್ತ ಬಂತು, ಎಷ್ಟು ಹೊರಗೆ ಹೋಯ್ತು ಅನ್ನೋ ಲೆಕ್ಕ ಅವಳಿಗೂ ಗೊತ್ತಿಲ್ಲ, ಕಟ್ಟಿಕೊಂಡ ಗಂಡನಿಗೂ ಗೊತ್ತಿಲ್ಲ. “ಅವಳಿಗೆ ರಕ್ತ ಕಮ್ಮಿಯಂತೆ” ಅಂತಾರೆ, ಅಲ್ಲಿಗೆ ಮಾತು ಮುಗೀತು. ನಾನು ಇವತ್ತು ಕೇಳಿಕೊಳ್ಳೋದು ಇಷ್ಟೇ. ಯಾರಾದರೂ ರಕ್ತ ಕಮ್ಮಿ ಅಂದರೆ ಎರಡು ಪ್ರಶ್ನೆ ಕೇಳಿ. ಎಷ್ಟು ಕಮ್ಮಿ? ಯಾಕೆ ಕಮ್ಮಿ? ಈ ಎರಡಕ್ಕೂ ಉತ್ತರ ಸಿಗೋತನಕ ಆಸ್ಪತ್ರೆಯ ಬಾಗಿಲಿಂದ ಕದಲಬೇಡಿ.

ಮೊದಲು ರಕ್ತ ಅಂದರೇನು ಅಂತ ತಿಳಿಯೋಣ. ದೊಡ್ಡವರ ಮೈಯಲ್ಲಿ ಸುಮಾರು ನಾಲ್ಕರಿಂದ ಐದು ಲೀಟರ್ ರಕ್ತ ಇರುತ್ತೆ. ಅದರಲ್ಲಿ ಮೂರು ತರದ ಕಣಗಳು. ಕೆಂಪು ಕಣ ಉಸಿರಿನ ಗಾಳಿಯಲ್ಲಿರೋ ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುತ್ತೆ. ಬಿಳಿ ಕಣ ರೋಗದ ಜೊತೆ ಹೊಡೆದಾಡುತ್ತೆ. ಮೂರನೆಯದು ಪ್ಲೇಟ್ಲೆಟ್, ಗಾಯವಾದರೆ ರಕ್ತ ಹೆಪ್ಪುಗಟ್ಟಿಸಿ ನಿಲ್ಲಿಸುತ್ತೆ. ಮೂರೂ ಹುಟ್ಟೋದು ಮೂಳೆಯ ಒಳಗಿನ ಮಜ್ಜೆಯಲ್ಲಿ. ಒಂದು ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಅದರೊಳಗೆ ಹಿಮೋಗ್ಲೋಬಿನ್ ಅನ್ನೋ ವಸ್ತು ಇದೆ, ಹೊರೆ ಹೊರೋದು ಅದೇ. ಅದು ತಯಾರಾಗಬೇಕಾದರೆ ಕಬ್ಬಿಣ ಬೇಕು.

ಎಷ್ಟು ಕಬ್ಬಿಣ? ಒಬ್ಬ ಮನುಷ್ಯನ ಇಡೀ ಮೈಯಲ್ಲಿರೋದು ಮೂರು ನಾಲ್ಕು ಗ್ರಾಂ. ಒಂದು ಮೊಳೆಯಷ್ಟು. ಪಕ್ಕದ ಭದ್ರಾವತಿಯಲ್ಲಿ 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟೋಕೆ ಹೊರಟಿತು, 1923ರಲ್ಲಿ ಕಬ್ಬಿಣ ಇಳಿಸಿತು. ಕೆಮ್ಮಣ್ಣುಗುಂಡಿಯ ಅದಿರು ಗುಡ್ಡ ಇಳಿದು ಬಂದು ಅಲ್ಲಿ ಕರಗಿತು. ಆ ಕಬ್ಬಿಣ ಹೊತ್ತವರಲ್ಲಿ, ಕುಲುಮೆ ಮುಂದೆ ಬೆಂದವರಲ್ಲಿ ನಮ್ಮ ಕೇರಿಯವರೂ ಇದ್ದರು. ಅಂಥ ಕಬ್ಬಿಣದ ನಾಡಲ್ಲಿ ಒಂದು ಮೊಳೆಯಷ್ಟು ಕಬ್ಬಿಣ ಸಾಲದೆ ಬಾಣಂತಿ ಸಾಯೋದು ಅಂದರೆ ಏನು ಹೇಳೋಣ?

ಈಗ ಮೊದಲನೇ ಪ್ರಶ್ನೆ. ಎಷ್ಟು ಕಮ್ಮಿ? ಹಿಮೋಗ್ಲೋಬಿನ್ ಅಳತೆಯನ್ನ ನೂರು ಮಿಲಿಲೀಟರ್ ರಕ್ತಕ್ಕೆ ಇಷ್ಟು ಗ್ರಾಂ ಅಂತ ಹೇಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆಂಗಸರಿಗೆ 12ಕ್ಕಿಂತ ಕಮ್ಮಿ ಇರಬಾರದು, ಗಂಡಸರಿಗೆ 13ಕ್ಕಿಂತ ಕಮ್ಮಿ ಇರಬಾರದು. ಬಸುರಿಗೆ 11 ಗಡಿ. ಬಸುರಿಯಲ್ಲಿ 7ಕ್ಕಿಂತ ಕೆಳಗೆ ಹೋದರೆ, ಉಳಿದ ಹೆಂಗಸರಲ್ಲಿ 8ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ರಕ್ತಹೀನತೆ, ಮನೇಲಿ ಇಟ್ಟುಕೊಂಡು ಕೂರೋ ವಿಷಯ ಅಲ್ಲ. ಈ ಅಂಕಿಗಳನ್ನ ಬಾಯಿಪಾಠ ಮಾಡಿಕೊಳ್ಳಿ. ಹನ್ನೆರಡು, ಹದಿಮೂರು, ಬಸುರಿಗೆ ಹನ್ನೊಂದು. ಓದು ಬರದವರೂ ಕೂಲಿ ಲೆಕ್ಕ ತಪ್ಪದ ಹಾಗೆ ನೆನಪಿಟ್ಟುಕೊಳ್ತಾರೆ, ಇದೇನು ಕಷ್ಟ ಅಲ್ಲ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಏನು ಹೇಳಿತು ಕೇಳಿ. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5. ಗಂಡಸರಲ್ಲಿ 19.6. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಹೆಂಗಸರದು 44.8 ಇತ್ತು, ಮಕ್ಕಳದು 60.9 ಇತ್ತು. ಅಂದರೆ ಇಳಿಯೋ ಬದಲು ಏರಿದೆ. ಈ ಶಿಬಿರದಲ್ಲಿ ಸಾಲಾಗಿ ಕೂತಿರೋ ನೀವು ನಿಮ್ಮ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ. ಇಬ್ಬರಲ್ಲಿ ಒಬ್ಬರು ಅಂತ ಲೆಕ್ಕ. ಒಂದೇ ಮನೆ, ಒಂದೇ ಒಲೆ, ಆದರೂ ಹೆಂಗಸರ ಅಂಕಿ ಗಂಡಸರದಕ್ಕಿಂತ ಎರಡು ಪಟ್ಟು ಮೀರಿದೆ. ಅದರ ಕಾರಣಕ್ಕೆ ಆಮೇಲೆ ಬರ್ತೀನಿ.

ಮನೇಲಿ ಗುರುತಿಸೋದು ಹೇಗೆ? ಬೆಳಕಲ್ಲಿ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಾಗಿರಬೇಕು, ಬಿಳಿಚಿದ್ದರೆ ಅನುಮಾನ ಪಡಿ. ನಮ್ಮ ಮೈಬಣ್ಣ ಕಪ್ಪು, ಮುಖ ನೋಡಿ ಹೇಳೋಕಾಗಲ್ಲ. ಅದಕ್ಕೆ ನಾಲಿಗೆ ನೋಡಿ, ಅಂಗೈ ಗೆರೆ ನೋಡಿ, ಉಗುರಿನ ಬುಡ ನೋಡಿ. ಉಗುರು ಚಮಚದ ಹಾಗೆ ಒಳಗೆ ಬಾಗಿದ್ದರೆ ಕಬ್ಬಿಣದ ಕೊರತೆ ಹಳೇದು ಅಂತ ತಿಳೀರಿ. ಒಂದು ಕೊಡ ನೀರು ಹೊತ್ತು ದಿಬ್ಬ ಹತ್ತಿದರೆ ಏದುಸಿರು, ಎದೆ ಢವಢವ, ಎದ್ದು ನಿಂತರೆ ಕಣ್ಣು ಕತ್ತಲೆ, ಕಾಲಲ್ಲಿ ಬಾವು, ಹಿಡಿದ ಕೆಲಸ ಮುಗಿಸೋಕಾಗದ ಸುಸ್ತು, ಇವೆಲ್ಲ ಲಕ್ಷಣ. ಮಗು ಮಣ್ಣು ತಿನ್ನುತ್ತೆ, ಬಳಪ ಕಡಿಯುತ್ತೆ, ಬಸುರಿ ಗೋಡೆ ಸುಣ್ಣ ಕೆರೆದು ತಿಂತಾಳೆ, ಹಸಿ ಅಕ್ಕಿ ಮುಕ್ಕುತಾಳೆ ಅಂದರೆ ಹೊಡೆಯಬೇಡಿ, ಬಯಕೆ ಅಂತ ನಗಬೇಡಿ. ಕಬ್ಬಿಣ ಕಮ್ಮಿಯಾದಾಗ ಹೀಗೆ ಆಗೋದುಂಟು.

ತಲೆ ಸುತ್ತಿ ಬಿದ್ದವಳಿಗೆ ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪಲ್ಲಿ ಬಡಿಯೋದು, ತಾಯತ ಕಟ್ಟೋದು ನಮ್ಮ ಕೇರಿಗಳಲ್ಲಿ ಇನ್ನೂ ನಿಂತಿಲ್ಲ. ರಕ್ತ 6 ಗ್ರಾಂಗೆ ಇಳಿದ ಹೆಂಗಸಿನ ಮೇಲೆ ಯಾವ ದೆವ್ವವೂ ಬರಬೇಕಾಗಿಲ್ಲ, ಅವಳು ತಾನೇ ಬೀಳ್ತಾಳೆ.

ಇನ್ನೊಂದು ಮಾತು. ಕೂಲಿಗೆ ಹೋದಾಗ ನಮ್ಮವರನ್ನ ಸೋಮಾರಿಗಳು ಅಂತ ಬೈಯೋದು ಕೇಳಿ ಕೇಳಿ ನಮಗೆ ಅಭ್ಯಾಸ ಆಗಿಹೋಗಿದೆ. ಅಮೆರಿಕದ ದಕ್ಷಿಣ ಭಾಗದ ಬಡ ರೈತಾಪಿ ಜನರನ್ನೂ, ಕರಿಯರು ಬಿಳಿಯರು ಅನ್ನದೆ, ಹೀಗೇ ಸೋಮಾರಿಗಳು ಅಂತಿದ್ದರು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಅನ್ನೋ ವಿಜ್ಞಾನಿ, ಇವರ ಹೊಟ್ಟೆಯಲ್ಲಿ ಕೊಕ್ಕೆಹುಳ ಇದೆ, ಅದು ರಕ್ತ ಕುಡೀತಿದೆ, ಅದಕ್ಕೇ ಇವರಿಗೆ ಶಕ್ತಿ ಇಲ್ಲ ಅಂತ ಹೇಳಿದ. ಪತ್ರಿಕೆಯವರು ‘ಸೋಮಾರಿತನದ ಕ್ರಿಮಿ ಸಿಕ್ಕಿತು’ ಅಂತ ನಕ್ಕರು. 1909ರಿಂದ ರಾಕ್‌ಫೆಲರ್ ಹಣದಲ್ಲಿ ಅಲ್ಲಿ ದೊಡ್ಡ ಚಳವಳಿ ಮಾಡಿ, ಔಷಧ ಕುಡಿಸಿದರು, ಪಾಯಿಖಾನೆ ಕಟ್ಟಿಸಿದರು. ಸೋಮಾರಿತನ ಅಂದುಕೊಂಡಿದ್ದು ಬಹಳಷ್ಟು ಮಟ್ಟಿಗೆ ರಕ್ತಹೀನತೆ ಆಗಿತ್ತು.

ಆ ಕೊಕ್ಕೆಹುಳ ನಮ್ಮಲ್ಲೂ ಇದೆ. ಇಲ್ಲಿಂದ ಎರಡನೇ ಪ್ರಶ್ನೆ, ಯಾಕೆ ಕಮ್ಮಿ? ಬಯಲಲ್ಲಿ ಕೂತ ಕಡೆ ಹುಳದ ಮೊಟ್ಟೆ ಮಣ್ಣಿಗೆ ಬೀಳುತ್ತೆ. ನೆರಳು, ತೇವ, ಬೆಚ್ಚಗಿನ ಮಣ್ಣು ಸಿಕ್ಕರೆ ಮರಿಯಾಗುತ್ತೆ. ಅಡಿಕೆ ತೋಟಕ್ಕಿಂತ ಒಳ್ಳೇ ಜಾಗ ಅದಕ್ಕೆ ಬೇರೆ ಬೇಕಾ? ಬರಿಗಾಲಲ್ಲಿ ತುಳಿದರೆ ಬೆರಳ ಸಂದಿಯಿಂದ ಚರ್ಮದೊಳಗೆ ನುಗ್ಗಿ, ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ನುಂಗಿದಾಗ ಕರುಳಿಗೆ ಇಳಿದು ಕಚ್ಚಿಕೊಳ್ಳುತ್ತೆ. ಅದರಲ್ಲಿ ಸಣ್ಣ ಜಾತಿಯ ಹುಳ ದಿನಕ್ಕೆ 0.03 ಮಿಲಿಲೀಟರ್ ರಕ್ತ ಕಳೆಯುತ್ತೆ. ಏನು ಮಹಾ ಅನ್ನಬೇಡಿ. ನೂರು ಹುಳ ಇದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90. ಹೆಂಗಸರ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗೋದು 30ರಿಂದ 40. ಅಂದರೆ ತಿಂಗಳಿಗೆ ಎರಡು ಮುಟ್ಟಿಗಿಂತ ಹೆಚ್ಚಿನ ರಕ್ತವನ್ನು ಹುಳವೇ ಕುಡಿದ ಹಾಗಾಯ್ತು. ದೊಡ್ಡ ಜಾತಿಯ ಹುಳ ಇದರ ಐದಾರು ಪಟ್ಟು ಕುಡಿಯುತ್ತೆ.

ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಬಾರದು ಅನ್ನೋ ಕಟ್ಟಳೆ ನಮ್ಮ ಹಿರಿಯರ ಮೇಲಿತ್ತು. ಊರಿಗೆಲ್ಲ ಮೆಟ್ಟು ಹೊಲಿದು ಕೊಟ್ಟ ಕೈಗಳು ನಮ್ಮವು, ಬರಿಗಾಲು ಮಾತ್ರ ನಮಗೆ. ಅದನ್ನ ನಾವು ಅವಮಾನ ಅಂತ ಸರಿಯಾಗಿಯೇ ಎಣಿಸಿದ್ದೀವಿ. ಆ ಕಟ್ಟಳೆಗೆ ರಕ್ತದ ಲೆಕ್ಕವೂ ಇತ್ತು ಅನ್ನೋದು ಇವತ್ತು ಗೊತ್ತಿರಲಿ. ಹುಳಕ್ಕೆ ಮದ್ದು ಸುಲಭ. ಆಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದು ಮಾತ್ರೆ. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳ ನಿವಾರಣಾ ದಿನ ಅಂತ ಮಕ್ಕಳಿಗೆ ಕೊಡೋಕೆ ಶುರು ಮಾಡಿದರು. ಬಸುರಿಯರಿಗೆ ಮೊದಲ ಮೂರು ತಿಂಗಳು ಬಿಟ್ಟು ಆಮೇಲೆ ಕೊಡ್ತಾರೆ, ಡಾಕ್ಟರನ್ನ ಕೇಳಿ ತಗೊಳ್ಳಿ. ಆದರೆ ಮಾತ್ರೆ ನುಂಗಿ ಮರುದಿನ ಮತ್ತೆ ಬರಿಗಾಲಲ್ಲಿ ಅದೇ ತೋಟಕ್ಕೆ ಇಳಿದರೆ ಹುಳ ಮತ್ತೆ ಬರುತ್ತೆ. ಕಾಲಿಗೆ ಚಪ್ಪಲಿ ಇಲ್ಲ ಬೂಟು, ಮನೆಗೆ ಕಕ್ಕಸು, ಎರಡೂ ಬೇಕು.

ರಕ್ತ ಹೊರಗೆ ಹೋಗೋ ಬೇರೆ ದಾರಿಗಳೂ ಇವೆ. ಮುಟ್ಟಿನಲ್ಲಿ ಏಳು ದಿನ ದಾಟಿ ಹೋಗೋದು, ಗಡ್ಡೆಗಡ್ಡೆಯಾಗಿ ಹೋಗೋದು ಕಾಯಿಲೆ. ಹೆಣ್ಣು ಜನ್ಮವೇ ಹೀಗೆ ಅಂತ ಸುಮ್ಮನಿರಬೇಡಿ. ಮೇಲಿಂದ ಮೇಲೆ ಹೆರಿಗೆ, ಮೂಲವ್ಯಾಧಿ, ಹೊಟ್ಟೆಹುಣ್ಣು ಎಲ್ಲ ರಕ್ತ ಕಳೆಯುತ್ತವೆ. ಮೈಕೈ ನೋವಿಗೆ ಅಂಗಡಿಯಿಂದ ದಿನಾ ಮಾತ್ರೆ ತಂದು ನುಂಗಿದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಜಿನುಗಬಹುದು. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದರೆ ಆಸ್ಪತ್ರೆಗೆ ಓಡಿ. ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣದ ಅಂಶ ಇಳೀತು ಅಂದರೆ ಬರೀ ಮಾತ್ರೆ ತಗೊಂಡು ಬರಬೇಡಿ, ಒಳಗೆ ಎಲ್ಲಿ ಸೋರ್ತಿದೆ ನೋಡಿ ಅಂತ ಹಟ ಹಿಡೀರಿ. ಕರುಳಿನ ಕ್ಯಾನ್ಸರ್ ಕೂಡ ಮೊದಲು ರಕ್ತಹೀನತೆಯಾಗಿ ಕಾಣಿಸಿಕೊಳ್ಳೋದುಂಟು.

ಇನ್ನು ಒಳಗೆ ಬರೋದರ ಲೆಕ್ಕ. ಊಟ. ಪಾಲಿಶ್ ಮಾಡಿದ ಬಿಳಿ ಅಕ್ಕಿ ನೂರು ಗ್ರಾಂನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂಗಿಂತ ಕಮ್ಮಿ. ರಾಗಿಯಲ್ಲಿ ಅದರ ನಾಲ್ಕೈದು ಪಟ್ಟು. ಹುರುಳಿಯಲ್ಲಿ ಎಂಟು ಮಿಲಿಗ್ರಾಂನಷ್ಟು. ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಎಳ್ಳು ಎಲ್ಲದರಲ್ಲೂ ಇದೆ. ಆದರೆ ಕಾಳು ಸೊಪ್ಪಿನ ಕಬ್ಬಿಣ ಕರುಳಿಗೆ ಅಷ್ಟು ಸುಲಭಕ್ಕೆ ದಕ್ಕಲ್ಲ. ಜೊತೆಗೆ ನಿಂಬೆಹುಳಿ, ನೆಲ್ಲಿಕಾಯಿ ಇದ್ದರೆ ಹೆಚ್ಚು ದಕ್ಕುತ್ತೆ. ಊಟ ಆದ ಕೂಡಲೇ ಟೀ, ಕಾಫಿ ಕುಡಿದರೆ ಕಮ್ಮಿ ದಕ್ಕುತ್ತೆ. ಟೀಯನ್ನ ಊಟದಿಂದ ಒಂದೆರಡು ಗಂಟೆ ದೂರ ಇಡಿ. ಮಾಂಸದ, ಮೀನಿನ ಕಬ್ಬಿಣ ಕಾಳಿನದಕ್ಕಿಂತ ಬೇಗ ಮೈಗೆ ಹತ್ತುತ್ತೆ. ಕಾರ್ಜ, ಕುರಿಯ ರಕ್ತ ಹುರಿದು ಮಾಡೋ ಪಲ್ಯ, ಗದ್ದೆಯ ಏಡಿ, ಹೊಳೆ ಮೀನು, ಇವನ್ನ ಕೀಳು ಊಟ ಅಂತ ಕಲಿಸಿದವರು ಯಾರು? ರಕ್ತದ ಚೀಟಿ ನೋಡುವವನಿಗೆ ಅದು ಒಳ್ಳೇ ಊಟ.

ಬಡವನ ಕೈಗೆ ಎಟುಕುವ ಮಾಂಸ ಅಂದರೆ ದನದ ಮಾಂಸವೇ ಆಗಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಎತ್ತು, ಕರುವಿನ ವಧೆಯನ್ನ ಪೂರ್ತಿ ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ದಾರಿ ಬಿಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡೋಕೆ ಹೊರಟಾಗ ಕೆಲವು ಮಠಾಧೀಶರು ಬೇಡ ಅಂದರು. ಮಕ್ಕಳು ಬೇಕು ಅಂದರು. ಮೊಟ್ಟೆ ಇಡೀ ರಾಜ್ಯಕ್ಕೆ ಬಂತು, 2024ರ ಸೆಪ್ಟೆಂಬರಿನಲ್ಲಿ ವಾರಕ್ಕೆ ಆರು ದಿನ ಆಯ್ತು. ಮೊಟ್ಟೆಯಲ್ಲಿ ಕಬ್ಬಿಣ ಬಹಳ ಇಲ್ಲ, ಸತ್ಯ ಹೇಳಬೇಕು. ಅದರಲ್ಲಿ ಪ್ರೋಟೀನು ಇದೆ, ಬಿ12 ಇದೆ. ಅವೂ ರಕ್ತಕ್ಕೆ ಬೇಕೇ ಬೇಕು. ಯಾರ ತಟ್ಟೆಯಲ್ಲಿ ಏನಿರಬೇಕು ಅನ್ನೋ ಜಗಳ ಕೊನೆಗೆ ಯಾರ ರಕ್ತದಲ್ಲಿ ಏನಿರುತ್ತೆ ಅನ್ನೋದಕ್ಕೇ ಬಂದು ನಿಲ್ಲುತ್ತೆ.

ಈಗ ನಮ್ಮ ಮನೆಯೊಳಗಿನ ಮಾತು. ಗಂಡಸರು ಕೋಪ ಮಾಡ್ಕೋಬೇಡಿ. ಗಂಡ ಮಕ್ಕಳು ಉಂಡು ಎದ್ದ ಮೇಲೆ ಹೆಂಗಸು ಉಣ್ಣೋದು. ತುಂಡು ಮುಗಿದಿರುತ್ತೆ, ಸಾರಿನ ತಳ ಉಳಿದಿರುತ್ತೆ. ಮುಟ್ಟಿನಲ್ಲಿ, ಬಸುರಿನಲ್ಲಿ, ಮೊಲೆ ಕುಡಿಸೋವಾಗ ಹೆಚ್ಚು ಕಬ್ಬಿಣ ಬೇಕಾದವಳಿಗೆ ಕೊನೆಯ ಪಾಲು. ಮೇಲಿನವರು ನಮ್ಮನ್ನ ಪಂಕ್ತಿಯಿಂದ ಹೊರಗೆ ಕೂರಿಸಿದ್ದರು ಅಂತ ನಾವು ಭಾಷಣ ಮಾಡ್ತೀವಿ. ನಮ್ಮ ಮನೆಯ ಪಂಕ್ತಿಯಲ್ಲಿ ಅವಳು ಎಲ್ಲಿ ಕೂತಿದ್ದಾಳೆ? ಸಮೀಕ್ಷೆಯ 47.8 ಮತ್ತು 19.6ರ ನಡುವಿನ ಅಂತರ ಎಲ್ಲವೂ ಮುಟ್ಟಿನಿಂದ, ಹೆರಿಗೆಯಿಂದ ಬಂದದ್ದಲ್ಲ.

ಕಬ್ಬಿಣ ಒಂದೇ ಕಾರಣ ಅಂತ ತಿಳೀಬೇಡಿ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದಳು. ಬಟ್ಟೆ ಗಿರಣಿಗಳ ಬಡ ಬಸುರಿಯರು ರಕ್ತವಿಲ್ಲದೆ ಸಾಯ್ತಿದ್ದರು. ಅವರ ಕೆಂಪು ಕಣಗಳು ಸಣ್ಣಗಾಗುವ ಬದಲು ದೊಡ್ಡದಾಗಿ ಊದಿದ್ದವು. ಅವರು ಏನು ಉಣ್ತಾರೆ ಅಂತ ಅವಳು ನೋಡಿದಳು. ಬಡವರ ಊಟದಲ್ಲೇ ಏನೋ ಕೊರತೆ ಇದೆ ಅಂದಳು. ಯೀಸ್ಟಿನ ಸಾರ, ಮಾರ್ಮೈಟ್ ಅಂತ ಅಗ್ಗದ ಪದಾರ್ಥ, ಕೊಟ್ಟಳು, ಹೆಂಗಸರು ಚೇತರಿಸಿಕೊಂಡರು. ಅದರೊಳಗಿದ್ದ ವಸ್ತುವಿಗೆ 1941ರಲ್ಲಿ ಫೋಲಿಕ್ ಆಮ್ಲ ಅಂತ ಹೆಸರು ಬಂತು. ಇವತ್ತು ಜಗತ್ತಿನ ಎಲ್ಲ ದೇಶದ ಬಸುರಿಯರೂ ನುಂಗೋ ಆ ಮಾತ್ರೆಯ ಹಿಂದೆ ಇರೋದು ಬೊಂಬಾಯಿಯ ಕೂಲಿ ಹೆಂಗಸರ ರಕ್ತ. ಹಸಿರು ಸೊಪ್ಪು, ಕಾಳುಗಳಲ್ಲಿ ಅದು ಇದೆ. ಬಹಳ ಹೊತ್ತು ಕುದಿಸಿ ನೀರು ಬಸಿದು ಚೆಲ್ಲಿದರೆ ಹೋಗುತ್ತೆ.

ಹಾಗೇ ಬಿ12. ಇದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಮಾತ್ರ ಸಿಗೋದು. ಇದು ಕಮ್ಮಿಯಾದರೆ ಕಣ ದೊಡ್ಡದಾಗುತ್ತೆ, ನಾಲಿಗೆ ಕೆಂಪಾಗಿ ಉರಿಯುತ್ತೆ, ಪಾದ ಜುಮುಗುಟ್ಟುತ್ತೆ, ನಡಿಗೆ ತೂರಾಡುತ್ತೆ. ಅದಕ್ಕೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂದೇ ನೋಡಿದರೆ ಸಾಲದು. ಪೂರ್ತಿ ಕಣಗಳ ಎಣಿಕೆ ಮಾಡಿಸಿ, ಅದಕ್ಕೆ ಸಿಬಿಸಿ ಅಂತಾರೆ. ಅದರಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತೆ, ಕಣದ ಗಾತ್ರ. 80ಕ್ಕಿಂತ ಕಮ್ಮಿ ಇದ್ದರೆ ಕಣ ಸಣ್ಣದು, ಹೆಚ್ಚಾಗಿ ಕಬ್ಬಿಣದ ಕೊರತೆ. 100 ದಾಟಿದರೆ ಕಣ ದೊಡ್ಡದು, ಬಿ12 ಇಲ್ಲ ಫೋಲಿಕ್ ಆಮ್ಲದ ಕಡೆ ನೋಡಬೇಕು.

ಕಣ ಸಣ್ಣದಿದ್ದೂ ಕಬ್ಬಿಣ ಕಮ್ಮಿ ಇಲ್ಲದಿರೋ ಕಾಯಿಲೆ ಥಲಸ್ಸೀಮಿಯಾ. ಇದು ಹುಟ್ಟಿನಿಂದ ಬರೋದು. ತಾಯಿ ತಂದೆ ಇಬ್ಬರೂ ಅರ್ಧ ದೋಷ ಹೊತ್ತವರಾದರೆ, ಅವರಿಗೆ ಏನೂ ತೊಂದರೆ ಕಾಣಲ್ಲ. ಆದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಪೂರ್ತಿ ಕಾಯಿಲೆ ಬರೋ ಸಂಭವ. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು, ಕೊಟ್ಟ ರಕ್ತದ ಕಬ್ಬಿಣ ಮೈಯಲ್ಲಿ ತುಂಬಿಕೊಂಡು ಹೃದಯ ಕೆಡಿಸುತ್ತೆ. ಅದಕ್ಕೆ ಬೇರೆ ಔಷಧ ಬೇಕು. ಅಂಥ ಮಗುವಿಗೆ ಟಾನಿಕ್ ಅಂತ ಕಬ್ಬಿಣ ಕುಡಿಸಿದರೆ ಕೆಡುಕು. ನಮ್ಮ ಕಡೆ ಅಕ್ಕನ ಮಗಳನ್ನ ಕೊಡೋದು, ಸೋದರತ್ತೆ ಮಗನಿಗೆ ತರೋದು ಬಹಳ. ಒಂದೇ ಮನೆತನದಲ್ಲಿ ಕೊಟ್ಟು ತಂದರೆ ಇಬ್ಬರಲ್ಲೂ ಅದೇ ದೋಷ ಇರೋ ಸಂಭವ ಹೆಚ್ಚು. ಜಾತಕ ತೋರಿಸೋಕೆ ದುಡ್ಡು ಕೊಡೋ ಬದಲು ಮದುವೆಗೆ ಮುಂಚೆ ಇಬ್ಬರ ರಕ್ತ ತೋರಿಸಿ.

ಕುಡುಗೋಲು ಕಣದ ಕಾಯಿಲೆಯೂ ಇದರ ನಂಟೇ. ಕೆಂಪು ಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. 120 ದಿನ ಬದುಕಬೇಕಾದ ಕಣ ಹತ್ತಿಪ್ಪತ್ತು ದಿನಕ್ಕೆ ಸಾಯುತ್ತೆ. ಕೈಕಾಲು ಮೂಳೆಯಲ್ಲಿ ತಡೆಯಲಾರದ ನೋವು, ಕಣ್ಣು ಹಳದಿ, ಮೇಲಿಂದ ಮೇಲೆ ಜ್ವರ. ನಮ್ಮ ದೇಶದಲ್ಲಿ ಇದು ಮೊದಲು ಗೊತ್ತಾಗಿದ್ದು 1952ರಲ್ಲಿ, ನೀಲಗಿರಿಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಮೈಸೂರು ಕಡೆಯ ಜೇನುಕುರುಬರಲ್ಲಿ ಇದೆ. ಇದು ಯಾವ ಶಾಪವೂ ಅಲ್ಲ. ಅರ್ಧ ದೋಷ ಇದ್ದವರನ್ನ ಮಲೇರಿಯಾ ಸುಲಭಕ್ಕೆ ಕೊಲ್ಲೋಕಾಗಲ್ಲ, ಅದಕ್ಕೇ ಸೊಳ್ಳೆಯ ಕಾಡುಗಳಲ್ಲಿ ಬದುಕಿದವರ ರಕ್ತದಲ್ಲಿ ಇದು ಉಳಿದು ಬಂತು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಇದಕ್ಕಾಗಿ ಕಾರ್ಯಕ್ರಮ ಶುರು ಮಾಡಿತು, ಕರ್ನಾಟಕವೂ ಅದರಲ್ಲಿದೆ. ಪರೀಕ್ಷೆಗೆ ಬಂದರೆ ಓಡಿಹೋಗಬೇಡಿ, ಫಲಿತಾಂಶದ ಕಾರ್ಡು ಕೈಗೆ ಬರೋತನಕ ಬಿಡಬೇಡಿ.

ಮಲೆನಾಡಿನ ಹಳಬರಿಗೆ ಜ್ವರಗಡ್ಡೆ ಅನ್ನೋ ಮಾತು ಗೊತ್ತು. ಚಳಿಜ್ವರ ಬಂದು ಬಂದು ಎಡಪಕ್ಕೆ ಕೆಳಗೆ ಗಡ್ಡೆ ಊದೋದು. ಮಲೇರಿಯಾ ಕೆಂಪು ಕಣದೊಳಗೇ ಹೊಕ್ಕು ಅದನ್ನ ಒಡೆಯುತ್ತೆ, ಒಡೆದ ಕಣ ಗುಲ್ಮದಲ್ಲಿ ತುಂಬಿಕೊಳ್ಳುತ್ತೆ. ಜ್ವರದ ಜೊತೆ ಬಿಳಿಚಿದರೆ ಅದನ್ನೂ ನೋಡಿಸಿ.

ಇನ್ನು ರಕ್ತ ನಿಲ್ಲದ ಕಾಯಿಲೆಗಳು. ಗಂಡು ಮಗು ಅಂಬೆಗಾಲಿಡೋವಾಗ ಮೊಣಕಾಲು ಊದುತ್ತೆ, ಸಣ್ಣ ಗಾಯಕ್ಕೂ ರಕ್ತ ನಿಲ್ಲಲ್ಲ ಅಂದರೆ ಅದು ಹಿಮೋಫೀಲಿಯಾ ಇರಬಹುದು, ಕುಸುಮರೋಗ ಅಂತಲೂ ಕರೀತಾರೆ. ಹೆಚ್ಚಾಗಿ ಗಂಡುಮಕ್ಕಳಿಗೇ ಬರೋದು. ತಾಯಿಯ ಕಡೆಯಿಂದ ಬಂತು ಅಂತ ಅವಳನ್ನ ಹೀಯಾಳಿಸಬೇಡಿ, ಮೂವರಲ್ಲಿ ಒಬ್ಬರಿಗೆ ಹಿಂದೆ ಮನೆಯಲ್ಲಿ ಯಾರಿಗೂ ಇರದೆಯೂ ಬರುತ್ತೆ. ಅಂಥ ಮಗುವಿಗೆ ಕುಂಡೆಗೆ ಇಂಜೆಕ್ಷನ್ ಹಾಕಿಸಬೇಡಿ, ಆಸ್ಪಿರಿನ್ ಕೊಡಬೇಡಿ. ನಮಗೆ ಹತ್ತಿರದ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫೀಲಿಯಾ ಸೊಸೈಟಿ ಇದೆ. ಅದನ್ನ ನಡೆಸಿಕೊಂಡು ಬಂದ ಡಾ. ಸುರೇಶ್ ಹನಗವಾಡಿ ಸ್ವತಃ ಈ ಕಾಯಿಲೆ ಇದ್ದವರು. ಹೆಣ್ಣುಮಗಳಿಗೆ ಮೊದಲ ಮುಟ್ಟಿನಿಂದಲೇ ವಿಪರೀತ ರಕ್ತ ಹೋದರೆ ಅದೂ ಹುಟ್ಟಿನಿಂದ ಬಂದ ಇಂಥದೇ ದೋಷ ಇರಬಹುದು, ಪರೀಕ್ಷೆ ಮಾಡಿಸಿ. ಜ್ವರದಲ್ಲಿ ವಸಡು, ಮೂಗಿನಿಂದ ರಕ್ತ ಬಂದರೆ ಡೆಂಗ್ಯೂ ಇರಬಹುದು. ನಮ್ಮ ಜಿಲ್ಲೆಯಲ್ಲಂತೂ ಮಂಗನ ಕಾಯಿಲೆ ಇರಬಹುದು. ಅದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾಗಿದ್ದು, ಸೌದೆಗೆ ದರಗಿಗೆ ಕಾಡಿಗೆ ಹೋಗೋರನ್ನ ಹಿಡಿಯೋದು. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಬಿಡದ ಜ್ವರ, ಬಿಳಿಚುವಿಕೆ, ಗಂಟು, ಈ ನಾಲ್ಕು ಸೇರಿದರೆ ರಕ್ತದ ಕ್ಯಾನ್ಸರ್ ಇದೆಯಾ ಅಂತ ನೋಡಬೇಕು. ಒಂದು ದಿನವೂ ತಡ ಮಾಡಬೇಡಿ. ಮಕ್ಕಳಲ್ಲಿ ಎಷ್ಟೋ ಸಲ ಅದು ವಾಸಿಯಾಗುತ್ತೆ.

ಚಿಕಿತ್ಸೆ ಬಗ್ಗೆ. ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತೆ. ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಮಾತ್ರೆ, 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಶಾಲೆ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ. ಮಗು ಕಪ್ಪಾಗುತ್ತೆ, ದಪ್ಪಾಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಹೆದರಿ ಮಾತ್ರೆಯನ್ನ ಸೂರಿನಲ್ಲಿ ಸಿಕ್ಕಿಸಿ ಇಡೋರಿದ್ದಾರೆ. ಎರಡೂ ಸುಳ್ಳು. ಮಲ ಕಪ್ಪಾಗುತ್ತೆ, ಅದು ಮಾತ್ರೆಯ ಬಣ್ಣ, ಹೆದರಬೇಡಿ. ಹೊಟ್ಟೆ ತೊಳೆಸಿದರೆ ರಾತ್ರಿ ಮಲಗೋವಾಗ ತಗೊಳ್ಳಿ. ಟೀ, ಹಾಲಿನ ಜೊತೆ ಬೇಡ. ಒಂದು ತಿಂಗಳಲ್ಲಿ ಸುಮಾರು ಒಂದು ಗ್ರಾಂ ಏರಬೇಕು. ಸರಿಹೋದ ಮೇಲೂ ಮೂರು ತಿಂಗಳು ನುಂಗಬೇಕು. ತಪ್ಪದೆ ನುಂಗಿಯೂ ಏರದಿದ್ದರೆ ಮತ್ತೆ ಎರಡನೇ ಪ್ರಶ್ನೆ ಕೇಳಿ, ಯಾಕೆ?

ಕೇರಿಯ ಜನ ಸುಸ್ತಾದರೆ ಗ್ಲೂಕೋಸ್ ಬಾಟಲಿ ಹಾಕಿಸ್ಕೊಂಡು ಬರ್ತಾರೆ. ಮೂರು ನಾಲ್ಕು ದಿನದ ಕೂಲಿ ಹೋಯ್ತು. ಆ ಬಾಟಲಿಯಲ್ಲಿ ಇರೋದು ನೀರು, ಉಪ್ಪು ಇಲ್ಲ ಸಕ್ಕರೆ. ಒಂದು ತೊಟ್ಟು ರಕ್ತವೂ ಅದರಿಂದ ಹುಟ್ಟಲ್ಲ. ಅದೇ ದುಡ್ಡಿಗೆ ಹುರುಳಿ, ಮೀನು, ಒಂದು ಜೊತೆ ಚಪ್ಪಲಿ ತಗೊಳ್ಳಿ. ರೇಷನ್ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳನ್ನ ನೂರಕ್ಕೊಂದರಂತೆ ಬೆರೆಸಿ ಕೊಡೋಕೆ ಶುರುವಾದಾಗ ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆದರು. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿನದೇ. ಥಲಸ್ಸೀಮಿಯಾ, ಕುಡುಗೋಲು ಕಣ ಇದ್ದವರು ಮಾತ್ರ ಡಾಕ್ಟರನ್ನ ಕೇಳಿ ಉಣ್ಣಬೇಕು.

ರಕ್ತ ಕೊಡೋ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯ ಮೆಗ್ಗಾನ್ ಆಸ್ಪತ್ರೆಯಲ್ಲಿ ರಕ್ತನಿಧಿ ಇದೆ. 1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನ ಕಂಡುಹಿಡಿದ. ಎ, ಬಿ, ಓ, ಆಮೇಲೆ ಎಬಿ. ರಕ್ತದ ಚೀಲದ ಮೇಲೆ ಈ ಗುಂಪು ಬರೆದಿರುತ್ತೆ, ಜಾತಿ ಬರೆದಿರಲ್ಲ. ನಮ್ಮ ಕೈಯ ನೀರು ಕುಡಿಯದವನೂ ಅಪಘಾತವಾಗಿ ಬಿದ್ದಾಗ ಆ ಚೀಲ ಬೇಡ ಅನ್ನಲ್ಲ. 18 ದಾಟಿ, 45 ಕೆಜಿ ಮೇಲೆ ತೂಕ ಇದ್ದು, ಹಿಮೋಗ್ಲೋಬಿನ್ 12.5 ಇದ್ದವರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಗಂಡ ಆದವನು ಹೆಂಡತಿ ಹೆರಿಗೆಗೆ ಮುಂಚೆ ತನ್ನ ಗುಂಪು, ಅವಳ ಗುಂಪು ಎರಡೂ ತಿಳಿದಿರಬೇಕು.

ಸಾಗರದ ಹಂದಿಗೋಡಿನ ಕಾಯಿಲೆ ನಿಮಗೆಲ್ಲ ಗೊತ್ತು. 1975ರ ಸುಮಾರಿಗೆ ಬೆಳಕಿಗೆ ಬಂತು. ಚನ್ನಂಗಿ, ಛಲವಾದಿ ಜನರ ಸೊಂಟ, ಮೊಣಕಾಲು ಸವೆದು ಬಾಗಿದವು. ಅದು ಮೂಳೆಯ ಕಾಯಿಲೆ, ಕಣ್ಣಿಗೆ ಕಾಣ್ತು, ತಜ್ಞರ ತಂಡಗಳು ಬಂದವು. ರಕ್ತಹೀನತೆ ಯಾರ ಬೆನ್ನನ್ನೂ ಬಾಗಿಸಲ್ಲ. ಹೆರಿಗೆಯ ದಿನ ಬೇರೆಯವಳು ತಡೆದುಕೊಳ್ಳೋ ರಕ್ತಸ್ರಾವವನ್ನ ಇವಳು ತಡೆಯಲಾರದೆ ಸಾಯ್ತಾಳೆ, ಆಗ ಹಣೆಬರಹ ಅಂತ ಮಣ್ಣು ಮಾಡಿ ಬರ್ತೀವಿ. ಇದನ್ನ ನೋಡೋಕೆ ಯಾವ ತಂಡವೂ ತಾನಾಗಿ ಬರಲ್ಲ. ನಾವೇ ಕೇಳಬೇಕು.

ಆದ್ದರಿಂದ ಈ ಸಭೆ ಮುಗಿಸೋ ಮುಂಚೆ ಕೆಲವು ಕೆಲಸ ಒಪ್ಪಿಕೊಳ್ಳೋಣ. ಕೇರಿಯ ಪ್ರತಿ ಹೆಂಗಸಿನ, ಹತ್ತು ದಾಟಿದ ಹುಡುಗಿಯ ಹಿಮೋಗ್ಲೋಬಿನ್ ಅಳೆಸಬೇಕು, ಅಂಕಿಯನ್ನ ಅವಳ ಕಾರ್ಡಿನಲ್ಲೇ ಬರೆಸಬೇಕು. ಬರೀ ‘ಕಮ್ಮಿ’ ಅಂತ ಬರೆದರೆ ಒಪ್ಪಬೇಡಿ. 11ಕ್ಕಿಂತ ಕೆಳಗಿದ್ದವರಿಗೆ ಸಿಬಿಸಿ ಕೇಳಬೇಕು. ತೋಟದ, ಚರಂಡಿಯ ಕೆಲಸಕ್ಕೆ ಕರೆಯೋರು ಬೂಟು, ಕೈಗವಸು ಕೊಟ್ಟರೆ ಮಾತ್ರ ಇಳಿಯಬೇಕು. ಕಕ್ಕಸು ಇಲ್ಲದ ಮನೆಗಳ ಪಟ್ಟಿಯನ್ನ ಪಂಚಾಯ್ತಿಗೆ ಕೊಟ್ಟು ಅರ್ಜಿಯ ನಕಲಿಗೆ ಸಹಿ ತಗೊಂಡು ಬರಬೇಕು. ಮನೇಲಿ ಹೆಂಗಸರು ಮಕ್ಕಳ ಜೊತೆಗೇ ಕೂತು ಉಣ್ಣಬೇಕು. ಮೂರು ತಿಂಗಳಾದ ಮೇಲೆ ಇದೇ ಜಾಗದಲ್ಲಿ ಸೇರಿ ಕಾರ್ಡುಗಳನ್ನ ಎದುರಿಗಿಟ್ಟು ನೋಡೋಣ, ಯಾರದು ಏರಿದೆ, ಯಾರದು ಏರಿಲ್ಲ, ಏರದಿದ್ದವರದು ಯಾಕೆ ಅಂತ.

ಸೂಜಿ, ಚೀಟಿ ಎಲ್ಲ ತಂದಿದ್ದೀನಿ. ಬಸುರಿಯರು, ಬಾಣಂತಿಯರು ಮೊದಲು ಬನ್ನಿ.